ಬಾಗಿಲಿನ ಪ್ಯಾನೆಲ್ ಬದಲಿಸುವ ಮುಂಚೆ ಅದರ ಬೆನ್ನು ನೋಡಿ

ಮೂರು ವರ್ಷದ ಹಿಂದೆ ನನ್ನ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎರಡೂ ಬಾಗಿಲಿಗೆ ಒಳಗಿನ ಪ್ಯಾನೆಲ್ ಹೊಸದಾಗಿ ಮಾಡಿ ಹಾಕಿದ್ದೆ. 1965ರ ಕಾರು. ಹೊಸ ಹಾರ್ಡ್‌ಬೋರ್ಡ್, ಹೊಸ ರೆಕ್ಸಿನ್, ಒಂದು ಸುಕ್ಕಿಲ್ಲದ ಹಾಗೆ ಅಂಟಿಸಿದ್ದೆ. ನೋಡಿದವರು ಬಾಗಿಲು ತೆಗೆದು ಕೈಯಾಡಿಸಿ ನೋಡುತ್ತಿದ್ದರು, ನನಗೂ ಖುಷಿ. ಆಮೇಲೆ ಎರಡು ಮಳೆಗಾಲ ಕಳೆಯಿತು. ಕಳೆದ ತಿಂಗಳು ಕಾರಿನ ಒಳಗೆ ಒರೆಸುತ್ತಿದ್ದಾಗ ಎಡ ಬಾಗಿಲಿನ ಕೆಳಗಿನ ಮೂಲೆಯಲ್ಲಿ ಬೆರಳಿಗೆ ಏನೋ ಉಬ್ಬು ತಗುಲಿತು. ಒತ್ತಿದೆ. ಒದ್ದೆ ರಟ್ಟಿನ ಹಾಗೆ ಮೆತ್ತಗೆ ಒಳಗೆ ಹೋಯಿತು. ಬೆರಳು ತೆಗೆದ ಮೇಲೂ ಆ ಗುಳಿ ಹಾಗೇ ಉಳಿಯಿತು.

ಅಷ್ಟು ಮನಸ್ಸಿಟ್ಟು ಮಾಡಿದ ಕೆಲಸ ಎರಡೇ ಮಳೆಗಾಲಕ್ಕೆ ಕೊಳೆತರೆ ಬೇಜಾರಾಗದೆ ಇರುತ್ತದಾ? ಸೀಟು ಹೊಲಿಯುವ ಕೆಲಸದಲ್ಲೇ ತಲೆ ನರೆತ ಹಿರಿಯರೊಬ್ಬರಿಗೆ ಫೋಟೋ ತೋರಿಸಿದೆ. ಅವರು ಉಬ್ಬಿದ ಜಾಗವನ್ನು ಸರಿಯಾಗಿ ನೋಡಲೂ ಇಲ್ಲ. "ಮುಂದುಗಡೆದು ಬಿಡಿ ಸಾರ್, ಬೆನ್ನಿನ ಕಡೆ ಫೋಟೋ ಇದ್ರೆ ತೋರ್ಸಿ" ಅಂದರು. ನನ್ನ ಹತ್ತಿರ ಇರಲಿಲ್ಲ. ಅವತ್ತೇ ಸಂಜೆ ಪ್ಯಾನೆಲ್ ಬಿಚ್ಚಿದೆ.

ಬೆನ್ನಿನಲ್ಲಿ ಇಡೀ ಕಥೆ ಬರೆದಿತ್ತು. ಕೆಳಗಿನಿಂದ ಸುಮಾರು ನಾಲ್ಕು ಬೆರಳು ಎತ್ತರದವರೆಗೆ ಬೋರ್ಡು ಕಪ್ಪಾಗಿತ್ತು. ಅದರ ಮೇಲೆ ಕೆರೆ ಇಳಿದಾಗ ದಡದಲ್ಲಿ ಉಳಿಯುತ್ತದಲ್ಲ, ಹಾಗೆ ಒಂದರ ಮೇಲೊಂದು ಕಂದು ಗೆರೆಗಳು. ನೀರು ಎಷ್ಟು ಸಲ ಏರಿತ್ತು, ಎಲ್ಲಿವರೆಗೆ ಏರಿತ್ತು ಅಂತ ಲೆಕ್ಕ ಹಾಕಬಹುದಿತ್ತು. ಮುಂದಿನ ಚಿಕ್ಕ ತಿರುಗುವ ಗಾಜಿನ ನೇರ ಕೆಳಗೆ ಇನ್ನೊಂದು ಕಲೆ, ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಇಳಿದದ್ದು. ಅಂದರೆ ನೀರು ಎರಡು ದಾರಿಯಲ್ಲಿ ಬರುತ್ತಿತ್ತು. ಮುಂದುಗಡೆ ರೆಕ್ಸಿನ್ ನೋಡಿಕೊಂಡು ಕೂತಿದ್ದರೆ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ತುಂಬಾ ಜನ ಇದನ್ನು ತಪ್ಪು ತಿಳಿದಿರುತ್ತಾರೆ, ನಾನೂ ತಿಳಿದಿದ್ದೆ. ಬಾಗಿಲ ಒಳಗೆ ನೀರು ಬರುವುದು ರಿಪೇರಿ ಮಾಡಬೇಕಾದ ದೋಷ ಅಲ್ಲ. ಗಾಜು ಮೇಲೆ ಕೆಳಗೆ ಓಡಾಡಬೇಕಾದರೆ ಅಲ್ಲಿ ಸಂದು ಇರಲೇಬೇಕು. ಆ ಸಂದಿನ ರಬ್ಬರ್ ಬೀಡಿಂಗ್ ಹೊಸದಾಗಿದ್ದರೂ ಅಷ್ಟಿಷ್ಟು ನೀರು ಗಾಜಿನ ಮೇಲೆ ಜಾರಿ ಒಳಗೆ ಇಳಿಯುತ್ತದೆ. ಬಾಗಿಲು ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಬಾಗಿಲ ತಳದಲ್ಲಿ ನೀರು ಹೋಗಲು ತೂತು ಬಿಟ್ಟಿರುತ್ತಾರೆ. ನೀರು ಒಳಗೆ ಬರಲಿ, ತಗಡಿನ ಒಳಮೈ ಹಿಡಿದು ಇಳಿಯಲಿ, ತಳದ ತೂತಿನಿಂದ ಹೊರಗೆ ಹೋಗಲಿ. ಅದು ಲೆಕ್ಕಾಚಾರ.

ಈ ಲೆಕ್ಕಾಚಾರದಲ್ಲಿ ಪ್ಯಾನೆಲ್ ಅನ್ನು ಕಾಯುವುದು ಒಂದು ತೆಳು ಹಾಳೆ. ಬಾಗಿಲ ಒಳಗಿನ ತಗಡಿಗೆ ದೊಡ್ಡ ದೊಡ್ಡ ಕಿಂಡಿಗಳಿರುತ್ತವೆ, ಗ್ಲಾಸ್ ಏರಿಸುವ ಮೆಷಿನ್ ಕೂರಿಸಲು, ಲಾಕ್ ಕೂರಿಸಲು. ಆ ಕಿಂಡಿಗಳನ್ನೆಲ್ಲ ಮುಚ್ಚಿ ಒಂದು ಹಾಳೆ ಅಂಟಿಸಿರುತ್ತಾರೆ. ಕೆಲವು ಕಾರಲ್ಲಿ ಟಾರು ಹಚ್ಚಿದ ಕಾಗದ, ಕೆಲವದರಲ್ಲಿ ಪ್ಲಾಸ್ಟಿಕ್. ಗ್ಲಾಸಿನ ಮೆಷಿನ್ ಕೆಟ್ಟಾಗ ಯಾರೋ ಆ ಹಾಳೆ ಹರಿದು ಕೈ ಹಾಕುತ್ತಾರೆ, ಕೆಲಸ ಮುಗಿದ ಮೇಲೆ ವಾಪಸ್ ಅಂಟಿಸುವುದಿಲ್ಲ. ಪ್ಯಾನೆಲ್ ಮುಚ್ಚಿದ ಮೇಲೆ ಯಾರಿಗೆ ಕಾಣುತ್ತದೆ? ನನ್ನ ಕಾರಲ್ಲಿ ಹಾಳೆಯ ಮೇಲಿನ ಅರ್ಧ ಮಾತ್ರ ಇತ್ತು. ಮೂರು ವರ್ಷದ ಹಿಂದೆ ಅದನ್ನು ನೋಡಿಯೂ ಹಳೇ ಕಸ ಅಂದುಕೊಂಡು ಕಿತ್ತು ಬಿಸಾಕಿದವನು ನಾನೇ. ಹೊಸ ಪ್ಯಾನೆಲ್ ಕೊಳೆತದ್ದು ಅದಕ್ಕೇ.

ಹಾರ್ಡ್‌ಬೋರ್ಡ್‌ಗೆ ನೀರು ಯಾಕೆ ಇಷ್ಟು ಆಗುವುದಿಲ್ಲ ಅಂತ ಗೊತ್ತಾಗಬೇಕಾದರೆ ಅದು ಹೇಗೆ ಹುಟ್ಟುತ್ತದೆ ಅಂತ ನೋಡಬೇಕು. 1924ರಲ್ಲಿ ಅಮೆರಿಕದ ಮಿಸ್ಸಿಸಿಪ್ಪಿಯ ಲಾರೆಲ್ ಊರಲ್ಲಿ ವಿಲಿಯಂ ಮೇಸನ್ ಎಂಬವರು ಕಂಡುಹಿಡಿದ ವಿಧಾನ ಅದು, ಆ ಬೋರ್ಡಿಗೆ ಮೇಸನೈಟ್ ಅನ್ನುವ ಹೆಸರು ಬಂದದ್ದು ಅವರಿಂದಲೇ. ಮರದ ಚೂರುಗಳನ್ನು ಭಾರಿ ಒತ್ತಡದ ಹಬೆಯಲ್ಲಿಟ್ಟು ಆ ಒತ್ತಡವನ್ನು ಒಮ್ಮೆಲೇ ಬಿಟ್ಟರೆ ಅವು ಸಿಡಿದು ನಾರು ನಾರಾಗುತ್ತವೆ. ಆ ನಾರನ್ನು ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಮರದೊಳಗೇ ಇರುವ ಲಿಗ್ನಿನ್ ಅಂಟಿನ ಕೆಲಸ ಮಾಡುತ್ತದೆ. ಅಂದರೆ ಆ ಹಲಗೆ ಬಲವಂತವಾಗಿ ಚಪ್ಪಟೆ ಮಾಡಿಟ್ಟ ನಾರಿನ ರಾಶಿ. ನೀರು ಕುಡಿದ ಕೂಡಲೇ ನಾರು ಉಬ್ಬಿ, ಒತ್ತಿಟ್ಟಿದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ಒಣಗಿಸಿದರೂ ಮೊದಲಿನ ದಪ್ಪಕ್ಕೆ ಬರುವುದಿಲ್ಲ. ಉಬ್ಬಿದ ಜಾಗಕ್ಕೆ ಗಮ್ ಹಾಕಿ ಭಾರ ಇಟ್ಟು ಸರಿಮಾಡುತ್ತೇನೆ ಅಂತ ಹೊರಡಬೇಡಿ. ಬದಲಿಸುವುದೊಂದೇ ದಾರಿ.

ಈಗ ಬಿಚ್ಚುವ ಕೆಲಸ. ಮೊದಲು ಗ್ಲಾಸ್ ಪೂರ್ತಿ ಮೇಲೆ ಮಾಡಿ, ಏರಿಸುವ ಹ್ಯಾಂಡಲ್ ಯಾವ ದಿಕ್ಕಿಗೆ ನಿಂತಿದೆ ಅಂತ ಒಂದು ಫೋಟೋ ಹೊಡೆದುಕೊಳ್ಳಿ. ಎರಡೂ ಬಾಗಿಲಲ್ಲಿ ಒಂದೇ ಥರ ನಿಂತರೆ ಕಣ್ಣಿಗೆ ಚಂದ. ಹ್ಯಾಂಡಲ್ ತೆಗೆಯುವುದು ಕಾರಿನಿಂದ ಕಾರಿಗೆ ಬೇರೆ. ನನ್ನ ಕಾಲದ ಬೀಟಲ್‌ನಲ್ಲಿ ಹ್ಯಾಂಡಲ್ ಹಿಂದಿನ ಬಿಲ್ಲೆಯನ್ನು ಒಳಗೆ ಒತ್ತಿ ಹಿಡಿದರೆ ಒಂದು ಸಣ್ಣ ಪಿನ್ ಕಾಣುತ್ತದೆ, ಅದನ್ನು ತಟ್ಟಿ ಹೊರಗೆ ತೆಗೆಯಬೇಕು. ಒಬ್ಬರು ಒತ್ತಿ ಹಿಡಿದು ಇನ್ನೊಬ್ಬರು ತಟ್ಟಿದರೆ ಸಲೀಸು. ಆಮೇಲಿನ ಬೀಟಲ್‌ಗಳಲ್ಲಿ ಬರೀ ಸ್ಕ್ರೂ. ಎಷ್ಟೋ ಅಮೆರಿಕನ್ ಕಾರುಗಳಲ್ಲಿ ಕುದುರೆ ಲಾಳದ ಆಕಾರದ ತಂತಿ ಕ್ಲಿಪ್ ಇರುತ್ತದೆ. ಅದಕ್ಕೆ ಬೇರೆ ಟೂಲ್ ಸಿಗುತ್ತದೆ, ಇಲ್ಲದಿದ್ದರೆ ಒಂದು ಬಟ್ಟೆ ಪಟ್ಟಿಯನ್ನು ಹ್ಯಾಂಡಲ್ ಹಿಂದೆ ತೂರಿಸಿ ಶೂ ಪಾಲಿಶ್ ಮಾಡುವ ಹಾಗೆ ಆ ಕಡೆ ಈ ಕಡೆ ಎಳೆದರೆ ಕ್ಲಿಪ್ ಚಿಮ್ಮಿ ಬರುತ್ತದೆ. ಚಿಮ್ಮಿ ಅಂದರೆ ನಿಜವಾಗಲೂ ಚಿಮ್ಮುತ್ತದೆ, ಇನ್ನೊಂದು ಕೈ ಅಡ್ಡ ಇಟ್ಟುಕೊಳ್ಳಿ.

ಆರ್ಮ್‌ರೆಸ್ಟ್ ಸ್ಕ್ರೂಗಳನ್ನು ಬಿಚ್ಚಿ ಅವುಗಳದೇ ಪೊಟ್ಟಣದಲ್ಲಿ ಹೆಸರು ಬರೆದು ಇಡಿ. ಉದ್ದದ ಸ್ಕ್ರೂ ತಪ್ಪು ಜಾಗಕ್ಕೆ ಹೋದರೆ ಒಳಗೆ ಗಾಜಿಗೆ ತಾಗುತ್ತದೆ. ಆಮೇಲೆ ಪ್ಯಾನೆಲ್ ಅನ್ನು ಬಾಗಿಲಿಗೆ ಹಿಡಿದಿಡುವ ಅಂಚಿನ ಕ್ಲಿಪ್‌ಗಳು. ಸ್ಕ್ರೂಡ್ರೈವರ್ ತೂರಿಸಿ ಎಬ್ಬಬೇಡಿ, ಬಾಗಿಲಿನ ಬಣ್ಣವೂ ಹೋಗುತ್ತದೆ, ಬೋರ್ಡೂ ಹರಿಯುತ್ತದೆ. ಕ್ಲಿಪ್ ಎಬ್ಬುವ ಕವಲು ಟೂಲ್ ಇದ್ದರೆ ಒಳ್ಳೆಯದು. ನಾನು ಪೇಂಟರ್‌ಗಳ ಪುಟ್ಟಿ ಬ್ಲೇಡಿಗೆ ಟೇಪ್ ಸುತ್ತಿ ಬಳಸಿದೆ. ಕ್ಲಿಪ್ ಎಲ್ಲಿದೆ ಅಂತ ಮೊದಲು ಬೆರಳಲ್ಲಿ ತಡವಿ ನೋಡಿ, ಅದರ ಪಕ್ಕಕ್ಕೇ ಟೂಲ್ ಹಾಕಬೇಕು. ದೂರದಿಂದ ಎಳೆದರೆ ಕ್ಲಿಪ್ ಬಾಗಿಲಲ್ಲೇ ಉಳಿದು ಬೋರ್ಡ್ ಮಾತ್ರ ಕೈಗೆ ಬರುತ್ತದೆ. ಕೆಲವು ಕಾರುಗಳಲ್ಲಿ ಪ್ಯಾನೆಲ್‌ನ ಮೇಲಂಚು ಗಾಜಿನ ಸಂದಿಗೆ ಕೊಕ್ಕೆ ಹಾಕಿಕೊಂಡಿರುತ್ತದೆ, ಅದನ್ನು ಮೇಲಕ್ಕೆ ಎತ್ತಿ ತೆಗೆಯಬೇಕು, ಹೊರಕ್ಕೆ ಜಗ್ಗಬಾರದು.

ಹಳೇ ಪ್ಯಾನೆಲ್ ಎಷ್ಟೇ ಕೊಳೆತಿರಲಿ, ಹೊಸದು ಕಾರಲ್ಲಿ ಕೂರುವ ತನಕ ಎಸೆಯಬೇಡಿ. ಅದೇ ನಿಮ್ಮ ಅಳತೆ.

ಬಾಗಿಲು ಬರಿದಾದ ಮೇಲೆ ನಾನು ಪ್ಯಾನೆಲ್ ತಂಟೆಗೇ ಹೋಗಲಿಲ್ಲ. ಈ ಸಲ ಮೊದಲು ನೀರು. ಬಾಗಿಲ ತಳದಲ್ಲಿ ಒಣ ನ್ಯೂಸ್‌ಪೇಪರ್ ಹಾಸಿ, ಹೊರಗಿನಿಂದ ಗಾಜಿನ ಮೇಲೆ ಪೈಪಲ್ಲಿ ಹತ್ತು ನಿಮಿಷ ನೀರು ಬಿಟ್ಟು, ಟಾರ್ಚ್ ಹಿಡಿದು ಒಳಗೆ ಕಣ್ಣಿಟ್ಟು ಕೂತೆ. ಇದನ್ನು ನೋಡುವುದೇ ಒಂದು ಅನುಭವ. ಗಾಜಿನ ಹಿಂದೆ ಹನಿಗಳು ಒಂದೊಂದಾಗಿ ಇಳಿದು, ಗ್ಲಾಸ್ ಮೆಷಿನ್‌ನ ತೋಳಿನ ಮೇಲೆ ಸಾಲಾಗಿ ನಿಂತು, ಅಲ್ಲಿಂದ ನೇರ ಪ್ಯಾನೆಲ್ ಇರುವ ಕಡೆಗೆ ತೊಟ್ಟಿಕ್ಕುತ್ತಿದ್ದವು. ಮುಂದಿನ ಚಿಕ್ಕ ಗಾಜಿನ ರಬ್ಬರ್ ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿತ್ತು, ಅಲ್ಲಿಂದ ದಾರದಂತೆ ಸಣ್ಣ ಧಾರೆ. ಬೆನ್ನಿನಲ್ಲಿ ನೋಡಿದ ಉದ್ದದ ಕಲೆಗೂ ಇದಕ್ಕೂ ಸರಿಯಾಗಿ ತಾಳೆ ಆಯಿತು. ತಳದಲ್ಲಿ ಮೂರು ಬೆರಳು ನೀರು ನಿಂತಿತ್ತು. ತೂತುಗಳು ಮಣ್ಣು, ಎಲೆಚೂರು, ತುಕ್ಕು ಹಿಡಿಯದಂತೆ ಕಾರಿನ ತಳಕ್ಕೆ ಬಳಿದ ಹಳೇ ಅಂಡರ್‌ಕೋಟ್ ಸೇರಿ ಗಟ್ಟಿಯಾಗಿ ಮುಚ್ಚಿಹೋಗಿದ್ದವು. ಪ್ಲಾಸ್ಟಿಕ್ ಕೇಬಲ್ ಟೈ ತುದಿಯಿಂದ ಕೆದಕಿದೆ. ಮೊಳೆ ಹಾಕಿ ಕೆದಕಿದರೆ ಒಳಗಿನ ಬಣ್ಣ ಕೆರೆದುಹೋಗಿ ಅಲ್ಲೇ ತುಕ್ಕು ಶುರುವಾಗುತ್ತದೆ. ತೂತು ಬಿಟ್ಟಾಗ ಕಪ್ಪು ನೀರು ಬುಳಬುಳ ಅಂತ ಹೊರಗೆ ಬಂತು. ಎಷ್ಟು ದಿನದಿಂದ ಅಲ್ಲಿ ನಿಂತಿತ್ತೋ.

ಎರಡು ದಿನ ಬಾಗಿಲು ತೆರೆದಿಟ್ಟು ಪೂರ್ತಿ ಒಣಗಲು ಬಿಟ್ಟೆ. ತಳದ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ಉಳಿದ ತುಕ್ಕು ಮುಂದೆ ಹರಡದಂತೆ ಮಾಡುವ ರಸ್ಟ್ ಕನ್ವರ್ಟರ್ ದ್ರವ ಹಚ್ಚಿ, ಒಣಗಿದ ಮೇಲೆ ಪ್ರೈಮರ್, ಬಣ್ಣ, ಕೊನೆಗೆ ಒಳಮೂಲೆಗಳಿಗೆ ವ್ಯಾಕ್ಸ್ ಸ್ಪ್ರೇ. ವ್ಯಾಕ್ಸ್ ಹೊಡೆದ ಮೇಲೆ ಮತ್ತೆ ತೂತು ತೆರೆದಿದೆಯಾ ನೋಡಿ, ಅದೇ ಹೋಗಿ ಮುಚ್ಚಿಕೊಳ್ಳುವುದುಂಟು. ಚಿಕ್ಕ ಗಾಜಿನ ರಬ್ಬರ್ ಹೊಸದು ಹಾಕಿದೆ.

ಇನ್ನು ಹಾಳೆ. ನಾನು ಹಾಕಿದ್ದು 150 ಮೈಕ್ರಾನ್ ದಪ್ಪದ ಪಾಲಿಥೀನ್. ಅಂಟಿಸಲು ಬ್ಯೂಟೈಲ್ ಟೇಪ್, ಕಪ್ಪಗೆ ಜಿಗುಟಾಗಿ ಇರುತ್ತದಲ್ಲ, ಅದು. ವರ್ಷಗಟ್ಟಲೆ ಗಟ್ಟಿಯಾಗುವುದಿಲ್ಲ, ಮುಂದೆ ಮೆಷಿನ್ ರಿಪೇರಿ ಬಂದರೆ ಹಾಳೆಯನ್ನು ಹರಿಯದೆ ಸುಲಿದು ಮತ್ತೆ ಅಂಟಿಸಬಹುದು. ಸಿಲಿಕೋನ್ ಬೇಡ. ವಿನೆಗರ್ ವಾಸನೆ ಬರುವ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ, ಬರಿ ತಗಡಿಗೆ ಅದು ಒಳ್ಳೆಯದಲ್ಲ. ಹ್ಯಾಂಡಲ್ ಕಡ್ಡಿ ಬರುವ ಕಡೆ ಸಣ್ಣ ಸೀಳು ಮಾತ್ರ ಹಾಕಿ, ಸುತ್ತ ಬ್ಯೂಟೈಲ್ ಒತ್ತಿ.

ಎಲ್ಲಕ್ಕಿಂತ ಮುಖ್ಯ ಹಾಳೆಯ ಕೆಳಗಿನ ಅಂಚು. ಅದು ಪ್ಯಾನೆಲ್ ಹಿಂದೆ ಸುಮ್ನೆ ನೇತಾಡಬಾರದು. ಬಾಗಿಲ ಒಳತಗಡಿನ ಕೆಳಗಿನ ಕಿಂಡಿಯೊಳಗೆ ಅದನ್ನು ತೂರಿಸಿ ಬಿಡಬೇಕು. ಆಗ ಹಾಳೆ ಮೇಲೆ ಬಿದ್ದ ನೀರೆಲ್ಲ ಜಾರಿ ಬಾಗಿಲ ಹೊಟ್ಟೆಗೆ ಬಿದ್ದು ತಳದ ತೂತಿಗೆ ಹೋಗುತ್ತದೆ. ಅಂಚು ಹೊರಗಿದ್ದರೆ ಅದೇ ಹಾಳೆ ನೀರನ್ನೆಲ್ಲ ಕೂಡಿಸಿ ನೇರ ಬೋರ್ಡಿನ ಬುಡಕ್ಕೆ ತಂದು ಸುರಿಯುತ್ತದೆ, ಹಾಳೆ ಇಲ್ಲದಿದ್ದರೂ ಇದಕ್ಕಿಂತ ವಾಸಿ. ಬಾಗಿಲಲ್ಲಿ ಕ್ಲಿಪ್ ಕೂರುವ ತೂತುಗಳಿಗೂ ಸಣ್ಣ ರಬ್ಬರ್ ಬಿಲ್ಲೆ ಬರುತ್ತದೆ, ಅದನ್ನು ಬಿಡಬೇಡಿ, ಅದು ಇಲ್ಲದಿದ್ದರೆ ಅಲ್ಲಿಂದಲೂ ತೇವ ಬರುತ್ತದೆ.

ಹಾಳೆ ಅಂಟಿಸಿ ಮತ್ತೆ ಹತ್ತು ನಿಮಿಷ ನೀರು ಬಿಟ್ಟೆ. ಹಾಳೆಯ ಈಚೆ ಕಡೆ ಅಂಗೈ ಸವರಿದೆ. ಒಣಗಿತ್ತು. ಆಮೇಲೇ ಬೋರ್ಡಿನ ಕೆಲಸ ಹಿಡಿದದ್ದು.

ಬೀಟಲ್‌ಗೆ ರೆಡಿಮೇಡ್ ಪ್ಯಾನೆಲ್ ಸಿಗುತ್ತದೆ. 2003ರ ಜುಲೈನಲ್ಲಿ ಮೆಕ್ಸಿಕೋದ ಪ್ಯೂಬ್ಲಾದಲ್ಲಿ ಕೊನೆಯದು ಹೊರಬರುವ ಹೊತ್ತಿಗೆ 2 ಕೋಟಿ 10 ಲಕ್ಷಕ್ಕೂ ಹೆಚ್ಚು ಬೀಟಲ್ ತಯಾರಾಗಿದ್ದವು, ಹಾಗಾಗಿ ಬಿಡಿಭಾಗ ಮಾಡುವವರು ಇನ್ನೂ ಇದ್ದಾರೆ. ಆದರೂ ನಾನು ಕೈಯಲ್ಲೇ ಮಾಡಿದೆ. ಅಂಚಿಗೆ, ತೂತಿಗೆ ಎಷ್ಟು ಕೋಟ್ ವಾರ್ನಿಷ್ ಹೋಗಿದೆ ಅಂತ ನನಗೆ ಖಾತ್ರಿ ಬೇಕಿತ್ತು. ಅಪರೂಪದ ಕಾರಿನವರಿಗಂತೂ ಬೇರೆ ದಾರಿಯೇ ಇರುವುದಿಲ್ಲ.

ಯಾವ ಬೋರ್ಡ್ ಅನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. 3 ಮಿಲಿಮೀಟರ್ ಎಬಿಎಸ್ ಪ್ಲಾಸ್ಟಿಕ್ ಹಾಕಿದರೆ ನೀರಿನ ಚಿಂತೆಯೇ ಇಲ್ಲ, ಆದರೆ ಸ್ಟೇಪಲ್ ಹಿಡಿಯುವುದಿಲ್ಲ, ಎಲ್ಲ ಅಂಟಿನ ಮೇಲೇ ನಿಲ್ಲಬೇಕು. ಹಗುರ ಪಿವಿಸಿ ಫೋಮ್ ಬೋರ್ಡ್ ಬೇಡ, ಬಿಸಿಲಲ್ಲಿ ನಿಂತ ಕಾರಿನ ಒಳಗೆ ಅದು ಮೆತ್ತಗಾಗಿ ಕ್ಲಿಪ್‌ಗಳ ನಡುವೆ ಅಲೆಅಲೆಯಾಗುತ್ತದೆ. ನಾನು ಆರಿಸಿಕೊಂಡದ್ದು 3 ಮಿಲಿಮೀಟರ್ ಮರೈನ್ ಪ್ಲೈವುಡ್. ಅಂಟೇ ನೀರಿಗೆ ಬಿಡುವುದಿಲ್ಲ, ಸ್ಟೇಪಲ್ ಹಿಡಿಯುತ್ತದೆ, ಬಾಗಿಲಿನ ಸಣ್ಣ ಬಾಗಿಗೂ ಒಗ್ಗುತ್ತದೆ. ದಪ್ಪ ಮಾತ್ರ 3 ಮೀರಬಾರದು. 4 ಆದರೆ ನನ್ನ ಕ್ಲಿಪ್‌ಗಳಿಗೆ ಬಾಗಿಲ ತೂತು ಸರಿಯಾಗಿ ಎಟಕುತ್ತಿರಲಿಲ್ಲ, ಪರೀಕ್ಷಿಸಿ ನೋಡಿದ್ದೇನೆ.

ಅಳತೆ ತೆಗೆಯುವಾಗ ಹಳೇ ಪ್ಯಾನೆಲ್‌ನ ಕೆಳಗಿನ ಅಂಚನ್ನು ನಂಬಬೇಡಿ, ಉಬ್ಬಿ ಬೆಳೆದಿರುತ್ತದೆ. ಮೇಲಿನ ಅರ್ಧವನ್ನು ಅದರಿಂದ ತೆಗೆದು, ಕೆಳಗಿನದನ್ನು ಬಾಗಿಲಿನ ಮೇಲೇ ರಟ್ಟು ಹಿಡಿದು ಗೀಚಿಕೊಳ್ಳಿ. ಆ ರಟ್ಟನ್ನು ಕತ್ತರಿಸಿ ಬಾಗಿಲಿಗೆ ಟೇಪ್ ಹಾಕಿ ಅಂಟಿಸಿ, ಬಾಗಿಲು ಮುಚ್ಚಿ ತೆಗೆದು ನೋಡಿ. ಎಲ್ಲೂ ಉಜ್ಜಬಾರದು. ಇದಾದ ಮೇಲೇ ಹಲಗೆಗೆ ಗರಗಸ. ಸಣ್ಣ ಹಲ್ಲಿನ ಬ್ಲೇಡ್ ಹಾಕಿದ ಜಿಗ್‌ಸಾದಲ್ಲಿ ನಿಧಾನವಾಗಿ ಹೋದರೆ ಸಿಬಿರು ಏಳುವುದಿಲ್ಲ. ಅಂಚನ್ನು ಸ್ಯಾಂಡ್‌ಪೇಪರಿನಲ್ಲಿ ದುಂಡಗೆ ಮಾಡಿ, ಚೂಪಾಗಿದ್ದರೆ ರೆಕ್ಸಿನ್ ಅಲ್ಲೇ ಸವೆಯುತ್ತದೆ.

ಕ್ಲಿಪ್ ತೂತು, ಹ್ಯಾಂಡಲ್ ತೂತು, ಸ್ಕ್ರೂ ತೂತು ಎಲ್ಲ ಕೊರೆದು ಮುಗಿದ ಮೇಲೆ ವಾರ್ನಿಷ್. ಈ ಕ್ರಮ ತಪ್ಪಬಾರದು. ಮೊದಲು ವಾರ್ನಿಷ್ ಹಚ್ಚಿ ಆಮೇಲೆ ತೂತು ಕೊರೆದರೆ ಪ್ರತಿ ತೂತಿನ ಒಳಗೋಡೆಯೂ ಬರಿ ಮರ, ನೀರು ಅಲ್ಲಿಂದಲೇ ಹೊಗುತ್ತದೆ. ಪಾಲಿಯುರಿಥೇನ್ ವಾರ್ನಿಷ್, ಮೊದಲ ಕೋಟ್ ತೆಳ್ಳಗೆ ಮಾಡಿ, ಆಮೇಲೆ ಎರಡು ಕೋಟ್ ಹಾಗೇ. ಅಂಚಿಗೆ ಬ್ರಷ್ ಇಟ್ಟರೆ ಕುಡಿಯುತ್ತಲೇ ಇರುತ್ತದೆ, ಕಣ್ಣೆದುರೇ ಮಾಯ. ಕುಡಿಯುವುದು ನಿಲ್ಲಿಸುವ ತನಕ ಹಚ್ಚಿ. ನನಗೆ ಅಂಚಿಗೆ ಐದು ಸಲ ಬೇಕಾಯಿತು. ಎರಡೂ ಮುಖಕ್ಕೂ ಹಚ್ಚಬೇಕು, ಒಂದೇ ಕಡೆ ಹಚ್ಚಿದರೆ ಇನ್ನೊಂದು ಕಡೆ ತೇವ ಎಳೆದು ಹಲಗೆ ಸೊಟ್ಟಗಾಗುತ್ತದೆ.

ರೆಕ್ಸಿನ್ ಮೂರು ವರ್ಷದ್ದಾದರೂ ಚೆನ್ನಾಗಿತ್ತು, ಅದನ್ನೇ ಉಳಿಸಿಕೊಂಡೆ. ಹಳೇ ಬೋರ್ಡಿನಿಂದ ಹೇರ್ ಡ್ರೈಯರ್ ಬಿಸಿ ಹಿಡಿದು ನಿಧಾನವಾಗಿ ಸುಲಿದೆ, ಹಿಂದೆ ಅಂಟಿದ್ದ ನಾರನ್ನು ಕೆರೆದು ತೆಗೆದೆ. ಬೂಷ್ಟು ಹಿಡಿದಿದ್ದ ಜಾಗ ತೊಳೆದು ಒಣಗಿಸಿದೆ. ನಿಮ್ಮ ಕಾರಲ್ಲಿ ಕಂಪನಿಯಿಂದ ಬಂದ ಮೂಲ ರೆಕ್ಸಿನ್ ಇದ್ದರೆ ಇನ್ನೂ ಜೋಪಾನ. ಅದರ ಮೇಲಿನ ಗೆರೆಗಳು ಎಷ್ಟೋ ಕಾರುಗಳಲ್ಲಿ ಹೊಲಿಗೆಯಲ್ಲ, ಬಿಸಿಯಲ್ಲಿ ಒತ್ತಿ ಬೆಸೆದದ್ದು, ಮತ್ತೆ ಮನೆಯಲ್ಲಿ ಮಾಡಲು ಆಗುವುದಿಲ್ಲ. ಒಳಗೆ ಹಾಕುವ ಫೋಮ್ ಮಾತ್ರ ಈ ಸಲ ಬದಲಿಸಿದೆ. ಹಿಂದಿನ ಸಲ ಹಾಕಿದ್ದು ಸ್ಪಂಜಿನ ಥರದ್ದು, ಹಿಂಡಿದರೆ ನೀರು ಬಂತು. ಈಗ ನೀರು ಹೀರದ ಕ್ಲೋಸ್ಡ್ ಸೆಲ್ ಫೋಮ್, 3 ಮಿಲಿಮೀಟರ್.

ಅಂಟು ಬಿಸಿ ತಡೆಯುವಂಥದ್ದೇ ಆಗಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಕೆಲವು ಜಾಗ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಸಾಧಾರಣ ಗಮ್ ಅಲ್ಲಿ ಜಾರುತ್ತದೆ. ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಕೂಡಿಸಬೇಕು. ಅವಸರ ಮಾಡಿದರೆ ಒಳಗೆ ಸಿಕ್ಕಿದ ಸಾಲ್ವೆಂಟ್ ಮುಂದೆ ಗುಳ್ಳೆಯಾಗಿ ಏಳುತ್ತದೆ. ಕಿಟಕಿ ತೆಗೆದಿಟ್ಟು ಕೆಲಸ ಮಾಡಿ, ಆ ವಾಸನೆ ತಲೆ ಹಿಡಿಯುತ್ತದೆ. ರೆಕ್ಸಿನ್ ಅನ್ನು ಬಿಸಿಲಿಗೆ ಹಾಸಿಟ್ಟು ಮೆತ್ತಗೆ ಮಾಡಿಕೊಂಡರೆ ಎಳೆಯುವುದು ಸುಲಭ. ಮಧ್ಯದಿಂದ ಅಂಚಿಗೆ, ಎದುರುಬದುರು ಬದಿ ಒಂದಾದ ಮೇಲೊಂದು. ಮೂಲೆಗಳಲ್ಲಿ ಹಿಂದುಗಡೆ ಚಿಕ್ಕ ಚಿಕ್ಕ ತ್ರಿಕೋನ ಕತ್ತರಿಸಿ ತೆಗೆದರೆ ಮಡಿಕೆ ಒಂದರ ಮೇಲೊಂದು ಕೂರುವುದಿಲ್ಲ. ಸ್ಟೇಪಲ್ ಕಾಲು ತೀರಾ ಗಿಡ್ಡ ಇರಬೇಕು, 6 ಮಿಲಿಮೀಟರಿನದು ಹಾಕಿದರೆ 3ರ ಹಲಗೆ ತೂರಿ ಮುಂದೆ ಮೂಗು ಹಾಕುತ್ತದೆ.

ಕೂರಿಸುವ ಮುಂಚೆ ಗ್ಲಾಸ್ ನಾಲ್ಕು ಸಲ ಮೇಲೆ ಕೆಳಗೆ ಮಾಡಿ, ಲಾಕ್ ಹಾಕಿ ತೆಗೆದು ನೋಡಿದೆ. ಮುಚ್ಚಿದ ಮೇಲೆ ಗೊತ್ತಾದರೆ ಎಲ್ಲ ಮತ್ತೆ ಬಿಚ್ಚಬೇಕಲ್ವಾ. ಕ್ಲಿಪ್ ಒಂದೊಂದನ್ನೂ ಅದರ ತೂತಿನ ನೇರಕ್ಕೆ ಕಣ್ಣಲ್ಲಿ ನೋಡಿ, ಅಂಗೈ ಬುಡದಿಂದ ಒಂದು ಏಟು. ಟಕ್ ಅಂತ ಕೂರುತ್ತದೆ. ಆ ಶಬ್ದ ಬರದಿದ್ದರೆ ಕ್ಲಿಪ್ ಮಡಚಿಕೊಂಡಿದೆ ಅಂತ ಅರ್ಥ, ಒತ್ತಾಯ ಮಾಡಬೇಡಿ.

ಹೋದ ವಾರ ಮೂರು ದಿನ ಬಿಡದೆ ಮಳೆ. ಕಾರನ್ನು ಬೇಕಂತಲೇ ಬಯಲಲ್ಲಿ ನಿಲ್ಲಿಸಿದ್ದೆ. ನಾಲ್ಕನೇ ದಿನ ಬೆಳಿಗ್ಗೆ ಬಾಗಿಲ ತಳ ನೋಡಿದರೆ ಎರಡೂ ತೂತಿನಿಂದ ಹನಿ ಹನಿ ನೀರು ಬೀಳುತ್ತಿತ್ತು. ಕೆಳಗಿನ ಎರಡು ಕ್ಲಿಪ್ ಬಿಡಿಸಿ ಪ್ಯಾನೆಲ್‌ನ ಹಿಂದೆ ಕೈ ಹಾಕಿದೆ. ಹಾಳೆಯ ಆಚೆ ತಣ್ಣಗೆ ಒದ್ದೆ ಇರುವುದು ಬೆರಳಿಗೆ ಗೊತ್ತಾಗುತ್ತಿತ್ತು, ಈಚೆ ಹಲಗೆಯ ಬೆನ್ನು ಒಣಗಿತ್ತು, ವಾರ್ನಿಷ್ ನುಣುಪು ಹಾಗೇ ಇತ್ತು. ಫೋಟೋ ತೆಗೆದು ಆ ಹಿರಿಯರಿಗೆ ಕಳಿಸಿದೆ, ಬೆನ್ನಿನ ಕಡೆಯದ್ದೇ. ಬಲ ಬಾಗಿಲು ಇನ್ನೂ ಬಾಕಿ ಇದೆ, ಹಾಳೆ ಕತ್ತರಿಸಿ ಇಟ್ಟಿದ್ದೇನೆ.